ಎರಡು ಬೆರಳು ಕಡಿಮೆ

ದಾಪೋಡಿಯಿಂದ ಆರೂ ನಲವತ್ತರ ಲೋಕಲ್.
ಕಾಮಶೇತ್ ದಾಟಿದ ಮೇಲೆ ಕಿಟಕಿಯಲ್ಲಿ ಗುಡ್ಡ ಬಂತು,
ಅಲ್ಲಿಯವರೆಗೆ ಬರೀ ಗೋಡೌನು, ಗೋಡೌನಿನ ಬೆನ್ನು.
ಸುನಂದಾ, ಮಗ ಓಂಕಾರ, ಮಗಳು ಚಿನ್ಮಯಿ,
ಮತ್ತು ಚಿಗವ್ವ, ಬರೂದಿಲ್ಲ ಬರೂದಿಲ್ಲ ಅಂತ
ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತವಳು.

ಭೋಸರಿಯ ಶಾಪಿನ ಸೇಠ ಈ ಸಲ
ಬೋನಸ್ ಬದಲು ಕೊಟ್ಟದ್ದು ನಾಲ್ಕು ಪಾಸು:
ಲೋನಾವಳದ ಗುಡ್ಡದ ಮೇಲಿನ ಆಟದ ಪಾರ್ಕು, ಊಟ ಬೇರೆ.
ಚಿಗವ್ವನಿಗೆ ನಾವೇ ತೆಗೆಸಿದೆವು ಅಗ್ಗದ ಟಿಕೆಟ್ಟು.
ಯಾವುದನ್ನೂ ಏರುವಂತಿಲ್ಲ, ನೋಡಬಹುದು.

ಗೇಟಿನಲ್ಲಿ ಚೀಲ ತೆರೆಸಿದರು. ಕಡಕ್ ರೊಟ್ಟಿ,
ಶೇಂಗಾ ಹೋಳಿಗೆ, ಒಳಗೆ ಬಿಡುವುದಿಲ್ಲ,
ಲಾಕರಿಗೆ ಐವತ್ತು ರೂಪಾಯಿ ಬಾಡಿಗೆ.
"ಹೋಳಿಗಿಗೂ ಒಂದ್ ಖೋಲಿ ಸಿಕ್ತು ನೋಡು" ಅಂದಳು ಚಿಗವ್ವ.
ಐದು ಜನ ಒಂದೇ ಖೋಲಿಯಲ್ಲಿರುವವರು ನಾವು.

ದೊಡ್ಡ ಗಾಡಿಯ ಸಾಲಿನಲ್ಲಿ ಒಂದು ತಗಡಿನ ಕೋತಿ.
ಅದು ಚಾಚಿದ ಕೈಗೆ ತಲೆ ತಾಗಿದರೆ ಮಾತ್ರ ಪ್ರವೇಶ.
ಚಿನ್ಮಯಿ ಹಿಮ್ಮಡಿ ಎತ್ತಿದಳು, ಜುಟ್ಟು ಮೇಲಕ್ಕೆ ಸರಿಸಿದಳು.
ಸೀಟಿ ಹುಡುಗ ಅಂಗೈಯಿಂದ ಜುಟ್ಟು ಒತ್ತಿ ನೋಡಿದ.
ಎರಡು ಬೆರಳು ಕಡಿಮೆ.

ಇಪ್ಪತ್ತೊಂದು ವರ್ಷ ಲೇಥ್ ಮುಂದೆ ನಿಂತವನು ನಾನು.
ಗೇಜಿಗೆ ಕೂಡದ ಪೀಸನ್ನು ಕೆಂಪು ಡಬ್ಬಿಗೆ ಎಸೆಯುವುದು
ನನ್ನ ಕೈಗೆ ಉಸಿರಾಟದಷ್ಟೇ ಸಲೀಸು.
ಆ ಹೊತ್ತು ಮಾತ್ರ ಹೇಳಬೇಕೆನಿಸಿತು:
ತಮ್ಮಾ, ಇನ್ನೊಮ್ಮೆ ಅಳಿ, ನಿನ್ನ ಕೋತಿಯ ಕೈ ಸೊಟ್ಟಗಿದೆ.
ಹೇಳಲಿಲ್ಲ.
ಸೊಟ್ಟಗಿರಲಿಲ್ಲ.

ಅಳು ನುಂಗಿ ಚಿನ್ಮಯಿಯೇ ತನ್ನ ಕಿತ್ತಳೆ ಪಟ್ಟಿ ಬಿಚ್ಚಿ
ಚಿಗವ್ವನ ಗಾಜಿನ ಬಳೆಗಳ ನಡುವೆ ಏರಿಸಿದಳು.
"ನೀ ಹೋಗು ಆಯಿ. ಬಂದು ಎಲ್ಲಾ ಹೇಳಬೇಕ್ ಮತ್ತ."
ಸೋಲಾಪುರದಲ್ಲಿ ನಲವತ್ತು ವರ್ಷ
ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಿ
ಬೀಡಿ ಕಟ್ಟಿದ ಕೈ ಅದು.
ಆಕೆಯನ್ನು ಯಾರೂ ಕೋತಿಯ ಪಕ್ಕ ನಿಲ್ಲಿಸಲಿಲ್ಲ.
ಸುನಂದಾ ಮಗಳ ಹತ್ತಿರ ಉಳಿದಳು.

ಸರಪಳಿ ನಮ್ಮನ್ನು ಎಳೆಯತೊಡಗಿತು, ಟಕ ಟಕ ಟಕ.
ಎಡಗಾಲಿಯ ಬೇರಿಂಗಿಗೆ ಗ್ರೀಸ್ ಸಾಲದೆಂದು
ನನ್ನ ಕಿವಿಗೆ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.
ತುದಿ. ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಹೊಟ್ಟೆ ಎಲ್ಲೋ ಮೇಲೆಯೇ ಉಳಿದು
ನಾನು ಮಾತ್ರ ಇಳಿದೆ.

ಹೊರಬರುವ ದಾರಿಯಲ್ಲಿ ಫೋಟೊ ಅಂಗಡಿ,
ಬೀಳುವಾಗ ಕ್ಯಾಮೆರಾ ಹಿಡಿದ ಮುಖಗಳು ಪರದೆಯ ಮೇಲೆ.
ಓಂಕಾರನಿಗೆ ಬರೀ ಬಾಯಿ. ನನಗೆ ಬರೀ ಹಲ್ಲು, ಕಣ್ಣು ಗಟ್ಟಿ ಮುಚ್ಚಿ.
ಚಿಗವ್ವ ಸೆರಗು ಕಚ್ಚಿ, ಕಣ್ಣು ತೆರೆದು,
ಬಸ್ಸಿನ ಕಿಟಕಿಗೆ ಕೂತವಳಂತೆ ಅತ್ತ ಕಣಿವೆ ನೋಡುತ್ತಿದ್ದಾಳೆ.
ಪ್ರತಿಗೆ ಇನ್ನೂರೈವತ್ತು.
"ಅದ್ರಾಗ ಐದ್ ಕಿಲೋ ಜ್ವಾಳ ಬರ್ತಾವ, ನಡಿ" ಅಂದವಳು
ನಡೆಯಲಿಲ್ಲ. ಮುಂದಿನ ಗಾಡಿಯ ಜನ ಇಳಿದು
ಅವರ ಬಾಯಿಗಳು ನಮ್ಮನ್ನು ಅಳಿಸುವವರೆಗೆ
ಅಲ್ಲೇ ನಿಂತೆವು, ಕೊಳ್ಳುವವರ ಹಾಗೆ.

ಸಂಜೆಯ ಲೋಕಲ್ಲಿನಲ್ಲಿ, ಲಾಕರಿನಿಂದ ಬಿಡುಗಡೆಯಾದ ಹೋಳಿಗೆ.
"ಮ್ಯಾಲಿಂದ ಏನ್ ಕಾಣಿಸ್ತು?" ಚಿನ್ಮಯಿ ಮೂರನೇ ಸಲ ಕೇಳಿದಳು.
"ಕೆಳಗ ಒಂದ್ ರೈಲ್ ಹೊಂಟಿತ್ತವ್ವಾ, ಬೀಡಿಯಷ್ಟು.
ಗುಡ್ಡದಾಗ ಹೊಕ್ತು. ಅದು ಹೊರಗ ಬರೂದ್ರಾಗ
ನಮ್ಮ ಗಾಡಿ ಕೆಳಗ ಬಿತ್ತು."
ಆ ಕಡೆ ಹೊರಬಂದಿತೋ ಇಲ್ಲವೋ ಎಂಬ ಚಿಂತೆಯಲ್ಲಿ
ತಳೇಗಾವ್ ಬರುವತನಕ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಬಾಗಿಲ ಚೌಕಟ್ಟಿಗೆ ಮಗಳನ್ನು ನಿಲ್ಲಿಸಿ
ಪೆನ್ಸಿಲ್ಲಿನಿಂದ ಗೆರೆ ಎಳೆದೆ.
ಯುಗಾದಿಯ ಗೆರೆಗಿಂತ ಅರ್ಧ ಬೆರಳು ಮೇಲೆ.
"ನಂದೂ ತಗಿ" ಅಂದಳು ಚಿಗವ್ವ, ಬೆನ್ನು ಕಟ್ಟಿಗೆಗೆ ಹಚ್ಚಿ.
ಕಿತ್ತಳೆ ಪಟ್ಟಿ ಇನ್ನೂ ಕೈಯಲ್ಲೇ ಇತ್ತು.
ಎಳೆದೆ. ಮೇಲೆ ಕೆಳಗೆ ಹುಡುಕಿದರೆ ಆಕೆಯ ಬೇರೆ ಗೆರೆ ಇಲ್ಲ,
ಅರವತ್ತಾರು ವರ್ಷಕ್ಕೆ ಇದೇ ಮೊದಲನೆಯದು.
"ಬೆಳದೀನೇನು?" ಕೇಳಿದಳು.
ಬರೂ ಯುಗಾದಿಗೆ ನೋಡೂಣು ಅಂದೆ.