ಮಂಗಳಕ್ಕನಿಗೆ, ಶಿಡ್ಲಘಟ್ಟದಿಂದ

ನಮ್ಮೂರ ಹೆಸರಲ್ಲಿ ಳ ಇಲ್ಲ, ಪುಣ್ಯ.
ಆದರೆ ತವರು ಚಿಕ್ಕಬಳ್ಳಾಪುರ.
ಬಸ್ಸು ಹತ್ತಿ 'ಚಿಕ್ಕಬಲ್ಲಾಪುರ ಒಂದು' ಅಂದರೆ
ಕಂಡಕ್ಟರು ಎರಡು ಸಲ ಕೇಳುತ್ತಿದ್ದ,
ಕೇಳಿಸದೆ ಅಲ್ಲ,
ಹಿಂದಿನ ಸೀಟಿಗೂ ಕೇಳಿಸಲಿ ಅಂತ.

ಮನೆಯಲ್ಲಿ ಉರ್ದು, ಓದಿದ್ದು ಉರ್ದು ಶಾಲೆ, ಅದೂ ಏಳರವರೆಗೆ.
ಕನ್ನಡ ಅಂದರೆ ರೇಷನ್ ಅಂಗಡಿ, ಆಸ್ಪತ್ರೆ ಚೀಟಿ,
ಆಮೇಲೆ ನೀವು.

ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಇಲಿಯಾಸ್
ಐವತ್ತು ರೂಪಾಯಿಗೆ ಚಿಪ್ ತುಂಬಿಸಿ ಕೊಟ್ಟ.
ನಾನೂರು ಹಾಡು. ನಿಮ್ಮವು ಅರವತ್ತೆರಡು.
ಉಳಿದದ್ದೆಲ್ಲ ಅಳಿಸು ಅಂದೆ.
ಅದಕ್ಕೆ ಬೇರೆ ಹತ್ತು ರೂಪಾಯಿ ತಗೊಂಡ.

ಕುದಿನೀರಿನ ಬೇಸಿನ್ನಿನ ಮೇಲೆ ಮೊಳೆ,
ಮೊಳೆಗೆ ಪ್ಲಾಸ್ಟಿಕ್ ಕವರು, ಕವರಲ್ಲಿ ಫೋನು.
ಬೆಂದ ಹುಳದ ವಾಸನೆಯಲ್ಲಿ
ಬೆರಳ ತುದಿ ಬಿಳಿಚಿ ಸುಕ್ಕಾಗಿ
ಎಂಟು ಗೂಡಿನ ಎಂಟು ಎಳೆ ಹುಡುಕಿ ಸೇರಿಸುವಾಗ
ನೀವು 'ಬೆಳಕು' ಅನ್ನುತ್ತಿದ್ದಿರಿ.
ಎಷ್ಟು ನಿಧಾನ ಆ ಳ!
ನಾಲಿಗೆ ಹಿಂದಕ್ಕೆ ಹೋಗಿ ಅಂಗುಳ ಮುಟ್ಟಿ
ಇಳಿಯಲು ಮನಸ್ಸಿಲ್ಲದೆ ಇಳಿದ ಹಾಗೆ.
ಎಳೆ ಕೈಬಿಟ್ಟೆ. ಮೇಸ್ತ್ರಿ ಬೈದ.

ಅವತ್ತಿಂದ ಬೇಡವಾದರೂ ಕೇಳುತ್ತಿದ್ದೆ ಸಂತೆಯಲ್ಲಿ
ಬೆಳ್ಳುಳ್ಳಿ ಎಷ್ಟು, ಹುರುಳಿ ಎಷ್ಟು,
ಎಳ್ಳು ಕಾಲು ಕೇಜಿ ಕೊಡಿ.
ಮನೆ ತುಂಬ ಎಳ್ಳು.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ.
ಎರಡು ವರ್ಷದಿಂದ, ಮೇಲಿನ ಸಾಲು ಹಿಡಿಯುವ ಮುಂಚೆ
ನಿಮ್ಮ ಉಸಿರು ಒಂದು ಚಿಟಿಕೆ ಬೇಗ ಬರುತ್ತಿತ್ತು,
ಮಹಡಿ ಹತ್ತುವವರು ನಡುವೆ ಗೋಡೆ ಹಿಡಿದ ಹಾಗೆ.
ಜನ ಚಪ್ಪಾಳೆ ಹೊಡೆದರು.
ನಾನು ಹೊಡೆಯಲಿಲ್ಲ, ನನಗೆ ಭಯ ಆಗಿತ್ತು.

ಹಾಗಾಗಿ ಮೊನ್ನೆ ಚಿಂತಾಮಣಿಯ ಸ್ಟೇಜಲ್ಲಿ
'ಒಂದಷ್ಟು ದಿನ ಹಾಡಲ್ಲ' ಅಂದಾಗ
ಹುಡುಗರು ಹೋ ಅಂದರು,
ಟೊಮೆಟೊ ಮಂಡಿಯ ಹಮಾಲಿಯೊಬ್ಬ ಕುರ್ಚಿ ಹತ್ತಿ
'ಎಷ್ಟು ದಿನ, ಹೇಳಿ ಹೋಗಿ' ಅಂತ
ಸಾಲ ಕೊಟ್ಟವನಂತೆ ಕೇಳಿದ.
ನನಗೆ ಮಾತ್ರ, ನಿಜ ಹೇಳಲಾ, ಎದೆ ಹಗುರಾಯಿತು.
ಆಮೇಲೆ ಅಳು ಬಂತು. ಅದು ಬೇರೆ ಲೆಕ್ಕ.

ಜನರೇಟರಿನ ಹಿಂದೆ ನೀವು ಫ್ಲಾಸ್ಕಿನ ಮುಚ್ಚಳದಲ್ಲಿ
ಬಿಸಿನೀರು ಕುಡಿಯುತ್ತಿದ್ದಿರಿ.
ನನ್ನ ಕೈಯಲ್ಲಿ ಒಂದು ಲಡಿ ರೇಷ್ಮೆ
(ಕದ್ದದ್ದಲ್ಲ, ಕೂಲಿಯಲ್ಲಿ ಮುರಿಸಿಕೊಂಡದ್ದು).
'ಮಂಗಲಕ್ಕ' ಅಂದೆ.

ಮಂಗಲಕ್ಕ!
ಆರು ವರ್ಷದ ಬೆಳ್ಳುಳ್ಳಿ ನೀರಿಗೆ ಹೋಯಿತು.

ನಕ್ಕಿರಿ, ಸದ್ದಿಲ್ಲದೆ.
ಗಂಟಲು ಮುಟ್ಟಿ ಕೈಯಾಡಿಸಿದಿರಿ, ಮಾತು ಮುಗಿಯಿತು ಅಂತ.
ಆಮೇಲೆ ಬಲ್ಬಿನ ಕಡೆಗೆ ತಿರುಗಿ ಬಾಯಿ ತೆರೆದು
ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ
ನಾಲಿಗೆ ಮಡಚಿ ತೋರಿಸಿದಿರಿ.
ಮುಂದಿನ ಹಲ್ಲಿಗೆ ಲಿಪ್‌ಸ್ಟಿಕ್ ಹತ್ತಿತ್ತು.
ದನಿಯಿಲ್ಲದ ಳ.
ಅರವತ್ತೆರಡು ಹಾಡಿನಲ್ಲೂ ಅದಿಲ್ಲ, ನನ್ನ ಹತ್ತಿರ ಮಾತ್ರ ಇದೆ.

ಹೊರಡುವಾಗ ನಮ್ಮ ಮನೆಯಲ್ಲೂ 'ಜಾತೂಂ' ಅನ್ನಲ್ಲ,
'ಜಾಕೆ ಆತೂಂ' ಅನ್ನಬೇಕು, ನಿಮ್ಮ 'ಹೋಗಿ ಬರ್ತೀನಿ' ಇದ್ದ ಹಾಗೆ.
ನಿಮಗೆ ಅದೂ ಬೇಡ ಅಕ್ಕ.
ಬರ್ತೀನಿ ಅಂದರೆ ಯಾರೋ ದಿನ ಎಣಿಸುತ್ತಾರೆ.
ಸುಮ್ಮನೆ ಹೋಗಿ.
ಗಂಜಿ ಕುಡಿಯಿರಿ, ಮಧ್ಯಾಹ್ನ ಮಲಗಿ,
ಯಾರಾದರೂ ಮಗು ಎತ್ತಿಕೊಂಡು ಬಂದು ಒಂದು ಸಾಲು ಹೇಳಿ ಅಂದರೆ
ಬಾಗಿಲು ಹಾಕಿ.

ಇವತ್ತು ಫೋನು ನೇತುಹಾಕಲಿಲ್ಲ.
ಮಲಗಿದವರನ್ನು ಎಬ್ಬಿಸಿದ ಹಾಗೆ ಅನ್ನಿಸಿತು.
'ಕ್ಯಾ ಆಪಾ, ಗಾನಾ ನೈ?' ಅಂದಳು ಪಕ್ಕದ ಬೇಸಿನ್ನಿನ ಶಾಹಿದಾ.
ರಾಟೆ ತಿರುಗುವಾಗ ಕಿರ್ ಅನ್ನುತ್ತದೆ ಅಂತ
ಇಷ್ಟು ವರ್ಷಕ್ಕೆ ಇವತ್ತು ಗೊತ್ತಾಯಿತು.
ಎಣ್ಣೆ ಬಿಡಬೇಕು.

ಸಂಜೆ ಅಮ್ಮಿಯನ್ನು ನೋಡಲು ಹೊರಟೆ.
'ಚಿಕ್ಕಬಳ್ಳಾಪುರ ಒಂದು.'
ಕಂಡಕ್ಟರು ಹೊಸಬ, ತಲೆ ಕೂಡ ಎತ್ತಲಿಲ್ಲ.
ಆಧಾರ್ ತೋರಿಸಿ ಅಂದ, ಅಷ್ಟೇ.