ಹೊಟ್ಟೆಗೆ ಹಾಕಿಕೊಂಡದ್ದು

ಹಲ್ಲುನೋವು, ಅಷ್ಟೇ.
ಎಡಗಡೆ ಕೆಳದವಡೆ, ಹಿಂದಿನಿಂದ ಎರಡನೆಯದು.
ಫ್ರೇಜರ್‌ಬರಾದ ಮೀನಿನ ಕಾರ್ಖಾನೆಯಲ್ಲಿ
ಗಂಟೆಗೆ ಇಷ್ಟು ಹ್ಯಾಡಕ್ ಸೀಳಬೇಕೆಂಬ ಲೆಕ್ಕದ ನಡುವೆ
ಇಷ್‌ಬೆಲ್ ಡಥಿ ದಂತವೈದ್ಯರಿಗೆ ಫೋನು ಮಾಡಿದಳು.
ಆರು ವಾರ ಬಿಟ್ಟು ಬನ್ನಿ, ಅಂದರು.

ಆರು ವಾರವನ್ನು ಅವಳು ಮಾತ್ರೆಗಳಲ್ಲಿ ಎಣಿಸತೊಡಗಿದಳು.
ಬೆಳಿಗ್ಗೆ ಎರಡು, ಚಹಾದ ಹೊತ್ತಿಗೆ ಎರಡು,
ರಾತ್ರಿ ಗಡಿಯಾರ ನೋಡದೆ ಇನ್ನೆರಡು,
ಮೇಲೆ ಶೀತಕ್ಕೆಂದು ನಿಂಬೆವಾಸನೆಯ ಬಿಸಿ ಪುಡಿನೀರು.
ಅದರೊಳಗೂ ಅದೇ ಪ್ಯಾರಾಸಿಟಮಾಲ್
ಬೇರೆ ಅಂಗಿ ತೊಟ್ಟು ಕೂತಿತ್ತು.
ನಾಲ್ಕು ದಿನ.
ಸಾಯಬೇಕೆಂದಲ್ಲ. ಪಾಳಿ ತಪ್ಪಬಾರದೆಂದು.

ನನ್ನ ಭಾಷೆಯಲ್ಲಿ ಕರುಳು ಚುರ್ ಅನ್ನುತ್ತದೆ,
ಎದೆ ಒಡೆಯುತ್ತದೆ, ಹೊಟ್ಟೆ ಉರಿಯುತ್ತದೆ;
ಯಕೃತ್ತು ಮಾತ್ರ ಏನೂ ಅನ್ನುವುದಿಲ್ಲ.
ಬಂದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವುದೇ ಅದರ ಕೆಲಸ,
ಒಂದು ಮಿತಿಯವರೆಗೆ.
ಆ ಮಿತಿಯನ್ನು ಅದು ಯಾರಿಗೂ ಹೇಳಿಟ್ಟಿರುವುದಿಲ್ಲ.

ಕ್ರಮವಾಗಿ ಸಾಯುವ ಜೀವಕೋಶವೂ ಉಂಟು:
ದೀಪ ಆರಿಸಿ, ಹಾಸಿಗೆ ಸುತ್ತಿ, ಬಾಗಿಲೆಳೆದುಕೊಂಡು
ನೆರೆಮನೆಗೆ ಗೊತ್ತಾಗದ ಹಾಗೆ ಹೋಗಿಬಿಡುತ್ತದೆ.
ಇವಳೊಳಗಿನವು ಹಾಗೆ ಹೋಗಲಿಲ್ಲ.
ವಿಷವನ್ನು ಕಟ್ಟಿಹಾಕುವ ಹಗ್ಗ ಮುಗಿದ ರಾತ್ರಿ
ನಡುರಕ್ತನಾಳದ ಸುತ್ತಲಿನವು ಮೊದಲು ಊದಿಕೊಂಡು
ಗೋಡೆಸಮೇತ ಒಡೆದವು;
ಒಳಗಿನದೆಲ್ಲ ಬೀದಿಗೆ ಚೆಲ್ಲಿತು.

ಚೆಲ್ಲಿದ್ದನ್ನು ಮೂಸಿ ಬಿಳಿಯ ಕಣಗಳು ಬಂದವು, ಸಾವಿರ, ಲಕ್ಷ,
ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಎಂದು ಕೂಗುತ್ತ.
ನಂದಿಸಲು ಬಂದವೋ
ಉಳಿದ ಮನೆಗಳ ಬಾಗಿಲನ್ನೂ ಮುರಿಯಲು ಬಂದವೋ,
ಡಾಕ್ಟರುಗಳು ಇನ್ನೂ ಜಗಳವಾಡುತ್ತಾರೆ.
ಕೊಡಕ್ಕಿಂತ ಕೊಡಲಿಯೇ ಹೆಚ್ಚು ಅವುಗಳ ಕೈಯಲ್ಲಿ, ಎಂದು ಒಬ್ಬರು.
ಹೆಣ ಹೊರುವವರಿಲ್ಲದೆ ಊರು ಮತ್ತೆ ಏಳುವುದೆಂತು, ಎಂದು ಇನ್ನೊಬ್ಬರು.
ನಾನು ರಾತ್ರಿ ಪಾಳಿಯ ನರ್ಸ್.
ಕೊಳೆತ ಮೊಟ್ಟೆಯ ವಾಸನೆಯ ಔಷಧಿಯನ್ನು
ಹನಿಹನಿಯಾಗಿ ಇಳಿಬಿಟ್ಟು ಕೂತೆ.

ಮೂರನೆಯ ರಾತ್ರಿ ಕಣ್ಣು ಹಳದಿ.
ತಂಗಿ ನೆಟ್ಟಾಳನ್ನು ಮೇಸ್ತ್ರಿ ಎಂದುಕೊಂಡು
ಇಲ್ಲದ ಚೂರಿಯಲ್ಲಿ ಇಲ್ಲದ ಮೀನು ಸೀಳಿದಳು,
ಮುಳ್ಳು ಬಿಡಿಸಿ ದಿಂಬಿನ ಬದಿಗಿಟ್ಟಳು, ಸಾಲಾಗಿ.
ಪಿತ್ತ ನೆತ್ತಿಗೇರಿದೆ ಎಂದು ಸಿಟ್ಟಿನವರನ್ನು ಆಡಿಕೊಳ್ಳುತ್ತೇವೆ;
ಇವಳಿಗೆ ಸಿಟ್ಟೇ ಇರಲಿಲ್ಲ.
"ಹಲ್ಲು ಈಗ ನೋಯ್ತಿಲ್ಲ" ಅಂದಳು, ನಡುವೆ ಒಮ್ಮೆ.

ಐದನೆಯ ಬೆಳಿಗ್ಗೆ ಲ್ಯಾಬಿನಿಂದ ಚೀಟಿ.
ಹನ್ನೊಂದು ಸಾವಿರವಿದ್ದದ್ದು ನಾಲ್ಕಕ್ಕೆ ಇಳಿದಿತ್ತು.
ನೆಟ್ಟಾ ನನ್ನನ್ನು ತಬ್ಬಿಕೊಂಡಳು,
ಅವಳ ಕೋಟಿನ ತುಂಬ ಉಪ್ಪು, ಸಿಗರೇಟು.
ನಾನು ಹೇಳಲಿಲ್ಲ:
ಕೋಶಗಳು ಸಾಯುವುದು ನಿಂತರೂ ಅಂಕಿ ಇಳಿಯುತ್ತದೆ,
ಸಾಯಲು ಕೋಶಗಳೇ ಉಳಿಯದಿದ್ದರೂ
ಹೀಗೆಯೇ, ಇಷ್ಟೇ ಚೆಂದಾಗಿ ಇಳಿಯುತ್ತದೆ.

ಎಡಿನ್‌ಬರಾಕ್ಕೆ ಹೇಳಿಟ್ಟಿದ್ದ ಆಂಬ್ಯುಲೆನ್ಸ್ ಕೆಳಗೆ ಕಾಯುತ್ತಿತ್ತು.
ಮೊಣಕೈಯ ಮಡಿಕೆಯಿಂದ ಮತ್ತೆ ರಕ್ತ ತೆಗೆದೆ,
ಸೂಜಿ ಎಳೆದು ಹತ್ತಿ ಒತ್ತಿ ಹಿಡಿದೆ.
ನೆನ್ನೆ ಮೂರು ಸಲ ಬದಲಾಯಿಸಿದ್ದೆ, ತೋಯುತ್ತಲೇ ಇತ್ತು.
ಸೋರುವುದನ್ನು ನಿಲ್ಲಿಸುವ ಸಾಮಾನು ಮಾಡುವುದೂ ಅದೇ ಯಕೃತ್ತು,
ಬದುಕಿದ್ದರೆ.
ಮಹಡಿಯ ಮೇಲೆ ಕಡಲಹಕ್ಕಿಗಳ ಜಗಳ.
ಎಣಿಸಿದೆ. ಎಣಿಕೆ ತಪ್ಪಿತು. ಮತ್ತೆ ಎಣಿಸಿದೆ.

ಹಾಲಿಗೆ ಬಿಟ್ಟ ಹೆಪ್ಪು ಹಿಡಿದಿದೆಯೋ ಎಂದು
ಪಾತ್ರೆ ಅಲುಗಿಸದೆ ಬಗ್ಗಿ ನೋಡುವ ಹಾಗೆ
ಹತ್ತಿಯನ್ನು ಒಂದಿಷ್ಟೇ ಎತ್ತಿದೆ.

ಕಪ್ಪುಗೆಂಪಿನ ಒಂದು ಚುಕ್ಕೆ.
ಅಲ್ಲೇ ನಿಂತಿತ್ತು.