ಹದಿನೆಂಟು ಅರಿವಿ

ಒಟ್ಟು ಹದಿನೆಂಟು.
ಅಪ್ಪನ ಧೋತರ ಹರಿದರ ಐದು ಬಂದ್ವು,
ಅವ್ವನ ಹಳೇ ಪತ್ತಲದಾಗ ಏಳು.
ಸೆರಗಿನ ಕಡೆ ಗಟ್ಟಿ, ನಡುವ ಮೆತ್ತಗ,
ನಡುವಿನವು ರಾತ್ರಿಗೆ ಇರಲಿ ಅಂದ್ಲು.
ಉಳಿದವು ಬೆಟಗೇರಿ ಸಂತ್ಯಾಗ
ತೂಕದ ಮ್ಯಾಲ ತಂದ ತುಂಡು.

ನಳ ಬರೂದು ಹತ್ತು ದಿನಕ್ಕೊಮ್ಮೆ,
ನಮ್ಮ ಕೂಸಿಗೆ ತಾಸಿಗೊಮ್ಮೆ.
ಹಂಗಾಗಿ ನೀರಿಗೆ ಸಾಲು ಹಚ್ಚೇವಿ:
ಮೊದಲ ಜಾಲಿಸಿದ್ದು ಪಾಯಖಾನಿಗೆ,
ಆಮ್ಯಾಲಿಂದು ಅಂಗಳಕ್ಕ,
ಸಬಕಾರ ಬಿಟ್ಟ ಕಡೀ ನೀರು ಕರಿಬೇವಿಗೆ.
ಗಿಡ ಈ ವರ್ಷ ಮಾಳಿಗಿ ಮುಟ್ಟಿದ್ದ ನೋಡಿ
ಬಾಜೂಮನಿ ಮಕ್ತುಂಬಿ
ಏನ್ ಗೊಬ್ಬರ ಹಾಕ್ತೀರಿ ಅಂತ ಕೇಳಿದ್ಲು.
ಸುನಂದಾ ನಕ್ಕಳು, ಹೇಳಲಿಲ್ಲ.
ದಿನಾ ನಾಕ ಎಸಳು ಒಯ್ತಾಳ ಪಾಪ, ಒಗ್ಗರಣಿಗೆ.

ಮೆಡಿಕಲ್ ಅಂಗಡ್ಯಾಗ ಪ್ಯಾಕೀಟು ಸಿಗತಾವ, ಗೊತ್ತೈತಿ.
ಲಸಿಕಿ ಹಾಕ್ಸಾಕ ಹೋದ ದಿನ ಒಂದು ತೊಡಿಸಿದ್ವಿ.
ಸಂಜಿಗೆ ಹಿಟ್ಟಿನ ಚೀಲದಂಗ ಜೋತು ಬಿದ್ದಿತ್ತು,
ತೊಡಿ ಸಂದಿ ಕೆಂಪಾಗಿತ್ತು.
ಅವ್ವ ಏನೂ ಅನಲಿಲ್ಲ.
ಅಂಗೈಯಾಗ ಕೊಬ್ಬರಿ ಎಣ್ಣಿ ಹಾಕ್ಕೊಂಡು
ನಾವು ನೋಡೂ ಹಂಗ ಕುಂತ್ಲು.

ಒಗಿಯಾಂವ ನಾನು.
ಮೊದಮೊದಲ ಬಾಗಲಾ ಮುಂದ ಮಾಡಿ ಒಗಿತಿದ್ದೆ,
ಗಂಡಸು ಕುಂತು ಕುಬಸ ಹಿಂಡಿದಂಗ ಅನಸ್ತಿತ್ತು.
ಒಂದ ದಿನ ಅಗಳಿ ಹಾಕೂದು ಮರ್ತೆ.
ಓಣಿ ಹಂಗ ಹಾದು ಹೋತು.
ಈಗ ಬಾಗಲಾ ತೆರದ ಇರತೈತಿ.
ಉಗರಿನ ಸಂದ್ಯಾಗಿನ ಪ್ರೆಸ್ಸಿನ ಮಸಿ
ಸೀಮೆಎಣ್ಣಿಗೂ ಬಿಡದ್ದು
ಕೂಸಿನ ಅರಿವಿ ಉಜ್ಜಿ ಉಜ್ಜಿ ಬಿಳೇದಾಗೇತಿ.

ಶ್ರಾವಣದಾಗ ಐದು ದಿನ ಜಿಟಿಜಿಟಿ.
ಹಗ್ಗ ಪಡಸಾಲಿಗೆ ಬಂತು, ಆಮ್ಯಾಲ ಅಡಗಿಮನಿಗೆ,
ದೇವರ ಮುಂದಿನ ಮೊಳಿ ಒಂದು ಉಳಿದಿತ್ತು,
ಅಲ್ಲಿಗೂ ಬಂತು.
ಹಂಚಿನ ಮ್ಯಾಲ ಬಿಸಿ ಮಾಡಾಕ ಹೋಗಿ
ಒಂದು ಕಂದು ಹಿಡೀತು.
ಮುಟ್ಟಿದರ ಎಲ್ಲಾ ಹಸಿ,
ಕಪ್ಪಿಯ ಹೊಟ್ಟಿ ಮುಟ್ಟಿದಂಗ.

ಆರನೇ ದಿನ ಬುತ್ತಿ ಚೀಲದಾಗ ಒಂಬತ್ತು ತುರುಕಿ
ಸ್ಟೇಶನ್ ರೋಡಿಗೆ ಹೊಂಟೆ, ನಮ್ಮ ಪ್ರೆಸ್ಸಿಗೆ.
ಲಗ್ನಪತ್ರ ಒಣಗಿಸೂ ಹಗ್ಗ ಅಲ್ಲಿ ಮೂರ ಸಾಲು,
ಮ್ಯಾಲೆ ದೊಡ್ಡ ಫ್ಯಾನು.
ಅರಿಶಿಣ ಹಾಳಿ, ಕೆಂಪು ಅಕ್ಷರ, ಇನ್ನೂ ಹಸಿ,
ಅವುಗಳ ನಡುವ ನನ್ನವೂ ಒಂಬತ್ತು
ಕ್ಲಿಪ್ಪು ಹಚ್ಚಿ ಬಿಟ್ಟೆ.

ಮಾಲಕ ಗುರುಪಾದಪ್ಪನವರು
ಕನ್ನಡಕ ಹಣಿಗೆ ಏರಿಸಿ ನಿಂತ್ರು.
“ಇವು ಯಾರ ಲಗ್ನದ್ದೋ?”
“ಹನ್ನೊಂದು ವರ್ಷದ ಹಿಂದ ಆಗೇತ್ರೀ,” ಅಂದೆ.
ಅವರು ಕನ್ನಡಕ ಇಳಿಸಿದ್ರು.
ಸಂಜಿಗೆ ಮನಿಗೆ ಹೋಗುವಾಗ
ಫ್ಯಾನು ಬಂದ್ ಮಾಡಲಿಲ್ಲ.

ಬೆಳಿಗ್ಗೆ ನೋಡಿದರ ಒಂದಕ್ಕ
ಪತ್ರ ಹಾರಿ ಬಡದಿತ್ತು.
ಅಪ್ಪನ ಧೋತರದ ತುಂಡಿನ ಮ್ಯಾಲ ಕೆಂಪಗ,
ಬಲದಿಂದ ಎಡಕ್ಕ, ತಿರುವುಮುರುವು, ಒಂದ ಸಾಲು.
ಬ್ಯಾರೆಯವರಿಗೆ ಅದು ಇರುವಿ ಸಾಲು.
ನಾನು ಹದಿಮೂರನೇ ವಯಸ್ಸಿಗೆ
ಸೀಸದ ಮೊಳಿ ಜೋಡಿಸಾಕ ಕುಂತಾಂವ,
ಹಿಂದಮುಂದಾದ ಅಕ್ಷರ ನನಗ ಮಾತೃಭಾಷಾ.
ಆಗಮನಾಭಿಲಾಷಿಗಳು.

ಸುನಂದಾ ಬೈದ್ಲು. ಕೂಸಿನ ಮೈಗೆ ಶಾಯಿ ಹತ್ತೀತು,
ಒರಸೂ ಅರಿವಿ ಮಾಡು ಇದನ್ನ.
ಓದಿ ಹೇಳಿದೆ.
ಅರಿವಿ ಕೈಯಾಗ ಹಿಡಕೊಂಡು
ಒಲಿಯ ಮ್ಯಾಲಿನ ಹಾಲು ಮರ್ತಳು.
ಆಮ್ಯಾಲ, ಒಳಗೊಂದು ಬ್ಯಾರೆ ಇಟ್ಟು
ಇದು ಹೊರಗ ಕಟ್ಟಿದರ ನಡದೀತು ಅಂದ್ಲು.

ಇಪ್ಪತ್ತು ಸಲ ಒಗದಿರಬೇಕು.
ಆಗಮನ ಹೋತು, ಗಳು ಹೋತು,
ನಡುವ ಮಸಕ ಮಸಕ ಒಂದು ಭಿ,
ಅದರ ಬಾಲ ಸುದ್ದಾ ಕಾಣವಲ್ದು.
ನಾಳೆ ನಳ ಬರೂ ದಿನ,
ಕೊಡ ಎಲ್ಲಾ ಹೊರಗ ಸಾಲು ಹಚ್ಚಿ ಮಲಗೇವಿ.
ತೊಟ್ಟಿಲದಾಗ ಸಣ್ಣ ಸಪ್ಪಳ.
ಕೈ ಹಾಕಿ ನೋಡಿದೆ.
ಬೆಚ್ಚಗ, ಹಸಿ.